ಬ್ರೇಕ್ ಫೇಲಾದರೆ ಯಾರನ್ನು ಕೇಳುವುದು?

ನಮ್ಮ ಕಡೆಯ ಪತ್ರಿಕಾ ವರದಿಗಳಲ್ಲಿ ಪದೇ ಪದೇ ಕಾಣುವ ಮಾತೊಂದಿದೆ: ‘ಬ್ರೇಕ್ ಫೇಲಾಗಿ’. ಬೆಟ್ಟದ ರಸ್ತೆಯಲ್ಲಿ ಬ್ರೇಕ್ ಫೇಲಾಗಿ ವಾಹನ ಮಗುಚಿತು, ಇಷ್ಟು ಮಂದಿಗೆ ಗಾಯವಾಯಿತು ಎಂದು ಬರೆದಿರುತ್ತಾರೆ. ಓದುಗರು ‘ಪಾಪ’ ಎಂದು ಪುಟ ತಿರುಗಿಸುತ್ತಾರೆ. ಚಾಲಕ ಕುಡಿದಿದ್ದನೆಂದೋ ಅತಿವೇಗದಲ್ಲಿದ್ದನೆಂದೋ ಬರೆದಿದ್ದರೆ ಅವನನ್ನು ಬೈಯಬಹುದು. ಯಂತ್ರ ಕೈಕೊಟ್ಟಿತೆಂದರೆ ಬೈಯಲು ಯಾರೂ ಉಳಿಯುವುದಿಲ್ಲ. ಬದುಕಿದವರು ‘ಮಾದಪ್ಪ ಕಾಪಾಡಿದ’ ಎನ್ನುತ್ತಾರೆ, ಕೈಕಾಲು ಕಳೆದುಕೊಂಡವರು ‘ಗ್ರಹಚಾರ’ ಎನ್ನುತ್ತಾರೆ. ಪರಿಹಾರ ಕೇಳುವ ಮಾತನ್ನು ಯಾರಾದರೂ ಎತ್ತಿದರೆ, ‘ಯಾರನ್ನು ಕೇಳುವುದು ಸಾ, ಬ್ರೇಕನ್ನು ಕೇಳುವುದೇ?’ ಎಂಬ ಉತ್ತರ ಬರುತ್ತದೆ.

ಕಾನೂನು ಈ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಕೈಬಿಡುವುದಿಲ್ಲ. ನನ್ನ ಶಿಷ್ಯನೊಬ್ಬನ ಜೊತೆ ಮೂರು ವರ್ಷ ಕೊಳ್ಳೇಗಾಲದ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದಾಗ ಇದು ನನಗೆ ತಿಳಿಯಿತು. ಈಚೆಗೆ ಹನೂರು, ಯಳಂದೂರಿನ ಕಡೆಯ ಹಳೆಯ ವಿದ್ಯಾರ್ಥಿಗಳು ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ಇದನ್ನೇ ಕೇಳಿದ್ದರಿಂದ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ವಕೀಲರಾಗಿರುವ ಶಿಷ್ಯರು ಮೇಷ್ಟರ ಕಾನೂನು ಪಾಠಕ್ಕೆ ನಗಬಾರದು.

ಮೊದಲು ವಿಜ್ಞಾನದ ಮೇಷ್ಟರಾಗಿ ಎರಡು ಮಾತು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವ ದಾರಿಯೂ ನಿಮಗೆಲ್ಲ ಗೊತ್ತು. ಹತ್ತನೆಯ ತರಗತಿಯಲ್ಲಿ ಶಕ್ತಿಯ ರೂಪಾಂತರದ ಪಾಠ ಬಂದಾಗ ನಾನು ಈ ಘಾಟಿಗಳನ್ನೇ ಉದಾಹರಣೆಯಾಗಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯಿತೆಂದು ಇಟ್ಟುಕೊಳ್ಳಿ. ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 59 ಲಕ್ಷ ಜೂಲು. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ ಅದು. ಎರಡನೆಯ ಗೇರಿನಲ್ಲಿ ಇಳಿದರೆ ಅದರಲ್ಲಿ ಬಹುಪಾಲನ್ನು ಎಂಜಿನ್ ತೆಗೆದುಕೊಳ್ಳುತ್ತದೆ. ಪೆಟ್ರೋಲು ಉಳಿಸುತ್ತೇನೆಂದು ನ್ಯೂಟ್ರಲ್ ಮಾಡಿಕೊಂಡು ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟು ಇಳಿಯುವ ಜಾಣರಿದ್ದಾರಲ್ಲ, ಅವರ ಕಾರಿನಲ್ಲಿ ಅಷ್ಟೂ ಶಾಖ ಬ್ರೇಕುಗಳಿಗೇ ಹೋಗುತ್ತದೆ. ನಾವು ‘ಬ್ರೇಕ್ ಆಯಿಲ್’ ಎಂದು ಕರೆಯುವ ದ್ರವ ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ಬಗೆಯ ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಸೇರಿದ ಮೇಲೆ ಅದು 140ರವರೆಗೂ ಇಳಿಯಬಹುದು. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಗುಳ್ಳೆಯನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು. ಕಾಲಿಟ್ಟರೆ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಇದನ್ನು ಯಂತ್ರದ ದೋಷ ಎನ್ನಬೇಕೋ ಮನುಷ್ಯನ ದೋಷ ಎನ್ನಬೇಕೋ? ನಮ್ಮ ಪ್ರಕರಣವೂ ಕಡೆಗೆ ಈ ಪ್ರಶ್ನೆಯ ಮೇಲೆಯೇ ನಿಂತಿತು.

2016ರ ಕಾರ್ತಿಕ ಮಾಸದ ಒಂದು ಸೋಮವಾರ. ನನ್ನ ಶಿಷ್ಯ ಕೊಳ್ಳೇಗಾಲದಲ್ಲಿ ಬಡಗಿ, ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಬಾಗಿಲುವಾಡದ ಕೆತ್ತನೆಯಲ್ಲಿ ಅವನ ಕೈ ಬಹಳ ಚೆನ್ನಾಗಿತ್ತು. ಯಳಂದೂರಿನಲ್ಲಿರುವ ಅವನ ಭಾವ, ಅಂದರೆ ಅಕ್ಕನ ಗಂಡ, ಕಾರು ಇಟ್ಟುಕೊಂಡಿದ್ದ. ಅವನೂ ನನ್ನ ಶಿಷ್ಯನೇ, ಎರಡು ತರಗತಿ ಮುಂದೆ. ಇಬ್ಬರೂ ಮನೆಯವರನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿ, ಪೂಜೆ ಮುಗಿಸಿ ಇಳಿಯುವಾಗ ಪೆಡಲ್ ಸತ್ತುಹೋಯಿತು. ಭಾವ ಕಾರನ್ನು ಕಣಿವೆಯ ಕಡೆ ಬಿಡದೆ ಗುಡ್ಡದ ಕಡೆಗೇ ತಿರುಗಿಸಿದ. ಅದರಿಂದ ಐವರ ಪ್ರಾಣ ಉಳಿಯಿತು. ಎಡಗಡೆ ಕೂತಿದ್ದ ಬಾಮೈದನ ಬಲ ಮಣಿಕಟ್ಟು ಮಾತ್ರ ನುಜ್ಜುಗುಜ್ಜಾಯಿತು. ಕೊಳ್ಳೇಗಾಲದಲ್ಲಿ ಪ್ರಥಮ ಚಿಕಿತ್ಸೆಯಾಗಿ, ಮೈಸೂರಿನಲ್ಲಿ ಎರಡು ಶಸ್ತ್ರಚಿಕಿತ್ಸೆಗಳಾದವು. ಮಣಿಕಟ್ಟಿನೊಳಗೆ ಲೋಹದ ಪಟ್ಟಿ ಕೂತಿತು. ಬೆರಳುಗಳು ಮಡಿಸುತ್ತಿದ್ದವು, ಆದರೆ ಹಿಡಿತವಿರಲಿಲ್ಲ.

ಆಸ್ಪತ್ರೆಯ ಸಾಲ ಬೆಳೆದಿತ್ತು, ಕೆಲಸ ನಿಂತಿತ್ತು. ಆದರೂ ಕೇಸು ಹಾಕುವ ಮಾತಿಗೆ ಅವನ ತಾಯಿ ಸುತರಾಂ ಒಪ್ಪಲಿಲ್ಲ. “ಅಳಿಯನ ಮ್ಯಾಲೆ ಕೋಲ್ಟುಗೆ ಹೋಗದಾ ಮೇಷ್ಟ್ರೇ? ನನ್ನ ಮಗಳು ಅಲ್ಲೇ ಬಾಳಬೇಕಲ್ಲ” ಎಂದರು. ಆ ತಾಯಿಯ ಮಾತಿನಲ್ಲಿ ನ್ಯಾಯವಿತ್ತು. ಪರಿಹಾರದ ಹಣ ಅಳಿಯನ ಜೇಬಿನಿಂದ ಹೋಗುತ್ತದೆ, ಅಳಿಯನಿಗೆ ಜೈಲಾಗುತ್ತದೆ, ಮಗಳ ಸಂಸಾರ ಒಡೆಯುತ್ತದೆ ಎಂದು ಅವರು ತಿಳಿದಿದ್ದರು. ಹತ್ತಿರದವರ ವಾಹನದಲ್ಲಿ ಗಾಯಗೊಂಡವರು ನಮ್ಮೂರುಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ಕಾನೂನು ಗೊತ್ತಿಲ್ಲದಿರುವುದಕ್ಕಿಂತ ಈ ದಾಕ್ಷಿಣ್ಯವೇ ದೊಡ್ಡ ಕಾರಣವೆಂದು ನನ್ನ ಅನಿಸಿಕೆ.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಅರ್ಜಿಯಲ್ಲಿ ವಾಹನದ ಮಾಲೀಕನನ್ನು ಪ್ರತಿವಾದಿಯಾಗಿ ಸೇರಿಸಲೇಬೇಕು, ಏಕೆಂದರೆ ಹೊಣೆ ಮೊದಲು ಅವನದು. ಆದರೆ ಆ ಹೊಣೆಯನ್ನು ಹೊರಲೆಂದೇ ವಿಮಾ ಕಂಪನಿ ಅವನಿಂದ ವರ್ಷ ವರ್ಷ ಕಂತು ಕಟ್ಟಿಸಿಕೊಂಡಿರುತ್ತದೆ. ಪಾಲಿಸಿ ಸರಿಯಾಗಿದ್ದರೆ ಹಣ ಕೊಡುವುದು ಕಂಪನಿ. ಇದು ಪರಿಹಾರದ ಅರ್ಜಿ, ಯಾರನ್ನೂ ಜೈಲಿಗೆ ಕಳಿಸುವ ಮೊಕದ್ದಮೆಯಲ್ಲ. ಪೊಲೀಸರು ಹಾಕುವ ಕೇಸು ಬೇರೆಯೇ, ಅದು ನಾವು ಬೇಡವೆಂದರೂ ನಡೆಯುತ್ತದೆ.

ಆದರೆ ‘ಪಾಲಿಸಿ ಸರಿಯಾಗಿದ್ದರೆ’ ಎಂಬ ಮಾತಿನಲ್ಲೇ ಒಂದು ಗುಂಡಿಯಿದೆ. ‘ಥರ್ಡ್ ಪಾರ್ಟಿ’ ಮಾತ್ರ ಕಟ್ಟಿದ ಖಾಸಗಿ ಕಾರಿನಲ್ಲಿ ಸ್ನೇಹಕ್ಕೋ ನೆಂಟಸ್ತಿಕೆಗೋ ಕೂತವರನ್ನು ಆ ಪಾಲಿಸಿ ಕಾಯುವುದಿಲ್ಲ. ರಸ್ತೆಯಲ್ಲಿ ನಡೆಯುವವನಿಗೆ, ಎದುರಿನ ವಾಹನದವನಿಗೆ ಅದರ ರಕ್ಷಣೆ ಇದೆ, ಒಳಗೆ ಕೂತ ಬಾಮೈದನಿಗೆ ಇಲ್ಲ. ‘ಪ್ಯಾಕೇಜ್’ ಅಥವಾ ‘ಕಾಂಪ್ರಹೆನ್ಸಿವ್’ ಪಾಲಿಸಿಯಾದರೆ ಒಳಗಿನವರೂ ಸೇರುತ್ತಾರೆ, 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಕಾರು ಓಡಿಸುವ ಮಾಲೀಕನಿಗಂತೂ ಬೇರೆಯೇ ವೈಯಕ್ತಿಕ ಅಪಘಾತ ವಿಮೆ ಬೇಕು, 2018ರಿಂದ ಅದರ ಮೊತ್ತ 15 ಲಕ್ಷ ರೂಪಾಯಿ. ನಿಮ್ಮ ಪಾಲಿಸಿಯ ಕಾಗದವನ್ನು ಇಂದೇ ತೆಗೆದು ನೋಡಿ. ನಮ್ಮ ಪುಣ್ಯಕ್ಕೆ ಭಾವನದು ಪ್ಯಾಕೇಜ್ ಪಾಲಿಸಿಯಾಗಿತ್ತು. ಅದನ್ನು ಓದಿ ಹೇಳಿದ ಮೇಲೆ ಆ ತಾಯಿ ಮೂರು ದಿನ ಯೋಚಿಸಿ, ಕಡೆಗೆ ಅಳಿಯನನ್ನೇ ಕರೆಸಿ ಕೇಳಿದರು. “ಹಾಕಲಿ ಅತ್ತೆ, ಕೈ ಹೋಗಿರೋದು ಅವನದು” ಎಂದು ಅವನೇ ಹೇಳಿದ.

ಇನ್ನು ಕಾರಿನ ಮಾತು. ಅಪಘಾತವಾದ ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿ ವರದಿ ಕೊಡಬೇಕು. ನಮ್ಮ ಜನ ಅವರನ್ನು ಹಿಂದಿನಿಂದಲೂ ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದೇ ಕರೆಯುವುದು. ಈ ಪ್ರಕರಣದಲ್ಲಂತೂ ಆ ಹೆಸರು ಅಕ್ಷರಶಃ ಒಪ್ಪುತ್ತಿತ್ತು! ಅವರು ಬರುವ ಮೊದಲೇ ಹೋಸ್ ಪೈಪು ಬದಲಿಸಿ, ಆಯಿಲ್ ತುಂಬಿಸಿಬಿಡು, ಇಲ್ಲದಿದ್ದರೆ ಇನ್ಶೂರೆನ್ಸ್ ಬರುವುದಿಲ್ಲ ಎಂದು ಭಾವನಿಗೆ ಬುದ್ಧಿ ಹೇಳಿದ ಹಿತೈಷಿಗಳಿದ್ದರು. ಅವನು ಮುಟ್ಟಲಿಲ್ಲ. ವರದಿಯಲ್ಲಿ, ಮುಂದಿನ ಒಂದು ಚಕ್ರದ ಹೋಸ್ ಪೈಪು ಬಿರುಕು ಬಿಟ್ಟಿತ್ತು, ಆಯಿಲ್ ಸೋರಿ ಹೋಗಿತ್ತು ಎಂದು ಬಂತು. ಈಗಿನ ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಜಾಲಗಳಾಗಿರುತ್ತವೆ. ಒಂದು ಸೋರಿದರೂ ಇನ್ನೊಂದು ಅರ್ಧ ಬಲದಿಂದ ಹಿಡಿಯಬೇಕು. ಘಾಟಿಯ ಇಳಿಜಾರಿನಲ್ಲಿ ಆ ಉಳಿದ ಅರ್ಧದ ಮೇಲೆ ಪೂರ್ತಿ ಭಾರ ಬಿದ್ದು, ಹಳೆಯ ಆಯಿಲ್ ಕಾದು, ಅದೂ ಕೈಬಿಟ್ಟಿರಬೇಕು.

ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಇದೇ ವರದಿಯನ್ನು ಎತ್ತಿ ಹಿಡಿದರು. ಚಾಲಕನ ನಿರ್ಲಕ್ಷ್ಯವಿಲ್ಲ, ಯಾಂತ್ರಿಕ ದೋಷದಿಂದ ಆದ ಆಕಸ್ಮಿಕವಿದು, ನಿರ್ಲಕ್ಷ್ಯವಿಲ್ಲದ ಮೇಲೆ ಮಾಲೀಕನಿಗೆ ಹೊಣೆಯಿಲ್ಲ, ಮಾಲೀಕನಿಗೆ ಹೊಣೆಯಿಲ್ಲದ ಮೇಲೆ ಕಂಪನಿಗೂ ಇಲ್ಲ. ಕೇಳಲು ಎಷ್ಟು ಚೆಂದದ ತರ್ಕ! ಮಾತು ಮಾತ್ರ ಬೇರೆ, ‘ಯಾರನ್ನು ಕೇಳುವುದು, ಬ್ರೇಕನ್ನು ಕೇಳುವುದೇ’ ಎಂಬ ನಮ್ಮ ಜನರ ಮಾತನ್ನೇ ಅವರು ಕಾನೂನಿನ ಭಾಷೆಯಲ್ಲಿ ಹೇಳಿದ್ದರು.

ಈ ತರ್ಕಕ್ಕೆ ಉತ್ತರ ಬಹಳ ಹಳೆಯದು. 1977ರಲ್ಲಿ ಮೀನು ಮೆಹ್ತಾ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಲಾರಿಯ ವಿಷಯದಲ್ಲಿ ಇದನ್ನು ನಿರ್ಧರಿಸಿತು. ಯಾಂತ್ರಿಕ ದೋಷದಿಂದ ಅಪಘಾತವಾಯಿತೆಂದು ಹೇಳುವ ಮಾಲೀಕನೇ ಅದನ್ನು ಸಾಬೀತುಪಡಿಸಬೇಕು. ಬರೀ ದೋಷವಿತ್ತೆಂದರೆ ಸಾಲದು. ತಾನು ತೆಗೆದುಕೊಳ್ಳಬೇಕಾದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡಿದ್ದೆ, ಆದರೂ ದೋಷ ಕಣ್ಣಿಗೆ ಬೀಳದೆ ಅಡಗಿತ್ತು ಎಂದು ಅವನು ತೋರಿಸಬೇಕು. ಯಂತ್ರ ಸರಿಯಿತ್ತೆಂದರೆ ತಪ್ಪು ಓಡಿಸಿದವನ ಕಡೆ ವಾಲುತ್ತದೆ. ಯಂತ್ರ ಸರಿಯಿರಲಿಲ್ಲವೆಂದರೆ ಅದನ್ನು ಸರಿಯಾಗಿ ಇಟ್ಟುಕೊಳ್ಳಬೇಕಾದವನು ಬಾಯಿ ಬಿಡಬೇಕಾಗುತ್ತದೆ. ಗಾಯಗೊಂಡವನು ಹೋಸ್ ಪೈಪಿನ ಇತಿಹಾಸವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆ ತೀರ್ಪಿನಲ್ಲೇ ಇನ್ನೊಂದು ಮುಖವಿತ್ತು: ನಿರ್ಲಕ್ಷ್ಯ ಇಲ್ಲವೇ ಇಲ್ಲವೆಂದಾದರೆ ಮಾಲೀಕ ಹೊಣೆಯಲ್ಲ. ಇದರಿಂದ ಬಡವರಿಗೆ ಆಗುವ ಅನ್ಯಾಯವನ್ನು ಕಂಡು ಸಂಸತ್ತು 1982ರಲ್ಲಿ, ಯಾರ ತಪ್ಪೆಂದು ಕೇಳದೆ ಕೊಡಬೇಕಾದ ಒಂದು ಕನಿಷ್ಠ ಮೊತ್ತವನ್ನು ಕಾಯಿದೆಗೆ ಸೇರಿಸಿತು: ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. ಆಮೇಲೆ 2001ರ ಜನವರಿಯಲ್ಲಿ ಕೌಶ್ನುಮಾ ಬೇಗಂ ಪ್ರಕರಣದ ತೀರ್ಪು ಬಂತು. 1986ರಲ್ಲಿ ಓಡುತ್ತಿದ್ದ ಜೀಪೊಂದರ ಮುಂದಿನ ಟೈರ್ ಸಿಡಿದು, ಜೀಪು ಮಗುಚಿ, ರಸ್ತೆಯಲ್ಲಿ ನಡೆದು ಹೋಗುತ್ತಿದ್ದವನೊಬ್ಬ ಸತ್ತಿದ್ದ. ಟೈರ್ ಸಿಡಿದದ್ದಕ್ಕೆ ಯಾರ ನಿರ್ಲಕ್ಷ್ಯವೂ ಇಲ್ಲವೆಂದು ಕೆಳಗಿನ ನ್ಯಾಯಮಂಡಳಿ ಅರ್ಜಿಯನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, 1868ರ ಒಂದು ಇಂಗ್ಲಿಷ್ ತೀರ್ಪಿನ ತತ್ವವನ್ನು ತಂದು ಪರಿಹಾರ ಕೊಡಿಸಿತು.

ಆ ಇಂಗ್ಲಿಷ್ ಪ್ರಕರಣ ಕೆರೆಗಳ ಸೀಮೆಯವರಾದ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಗಿರಣಿಯ ಯಜಮಾನನೊಬ್ಬ ಜಲಾಶಯವೊಂದನ್ನು ಕಟ್ಟಿಸಿದ. ಅದರ ತಳ ಒಡೆದು ನೀರು ನೆಲದಡಿಯ ಹಳೆಯ ಸುರಂಗಗಳ ಮೂಲಕ ಪಕ್ಕದವನ ಗಣಿಗೆ ನುಗ್ಗಿತು. ಯಜಮಾನನ ಅಜಾಗರೂಕತೆ ಏನೂ ಕಾಣಲಿಲ್ಲ. ಆದರೂ ನ್ಯಾಯಾಧೀಶರು, ತಪ್ಪಿಸಿಕೊಂಡರೆ ಪರರಿಗೆ ಹಾನಿ ಮಾಡಬಲ್ಲ ವಸ್ತುವನ್ನು ತನ್ನ ಪ್ರಯೋಜನಕ್ಕೆ ತಂದಿಟ್ಟುಕೊಂಡವನು ಅದರ ಹಾನಿಯನ್ನೂ ಹೊರಬೇಕು ಎಂದರು. ಏರಿ ಒಡೆದ ಮೇಲೆ ‘ಏರಿಯನ್ನು ಕೇಳಿ’ ಎನ್ನುವಂತಿಲ್ಲ. ರಸ್ತೆಗೆ ಇಳಿಸಿದ ವಾಹನಕ್ಕೂ ನಮ್ಮ ಸುಪ್ರೀಂ ಕೋರ್ಟು ಇದೇ ನ್ಯಾಯವನ್ನು ಅನ್ವಯಿಸಿತು. ಟೈರ್ ಸಿಡಿಯುವುದು ದೈವಕೃತವಲ್ಲ ಎಂದು ಮುಂಬಯಿ ಹೈಕೋರ್ಟು ಕೂಡ 2023ರಲ್ಲಿ ಹೇಳಿದೆ. ಗ್ರಹಚಾರವೆನ್ನುವ ನಮ್ಮವರು ಇದನ್ನು ಕೇಳಿಸಿಕೊಳ್ಳಬೇಕು.

ನಮ್ಮ ಪ್ರಕರಣಕ್ಕೆ ಮರಳೋಣ. ಭಾವ ಸಾಕ್ಷಿ ಕಟ್ಟೆಗೆ ಹೋಗಬೇಕಾಯಿತು. ಕಾರನ್ನು ಯಾವಾಗಲೂ ಅಚ್ಚುಕಟ್ಟಾಗಿ ಇಟ್ಟಿದ್ದೆ ಎಂದು ಹೇಳಿದ್ದರೆ ಊರಿನಲ್ಲಿ ಅವನ ಮಾನ ಉಳಿಯುತ್ತಿತ್ತು. ರಿಪೇರಿ ಮಾಡಿಸಿದ್ದಕ್ಕೆ ರಸೀದಿ ಇರಲಿಲ್ಲ. ಮರದಡಿಯ ಮೆಕ್ಯಾನಿಕ್‌ಗಳು ಯಾರಿಗೆ ತಾನೇ ರಸೀದಿ ಕೊಟ್ಟಾರು! ಆದರೆ ಅವನು ಅದನ್ನೂ ಹೇಳಲಿಲ್ಲ. “ಒಂದು ತಿಂಗಳಿಂದ ಪೆಡಲ್ ಕೆಳಗೆ ಹೋಯ್ತಿತ್ತು. ಕಾರ್ತಿಕ ಕಳೀಲಿ, ಆಮೇಲೆ ತೋರಿಸೋಣ ಅಂದ್ಕೊಂಡಿದ್ದೆ” ಎಂದು ನೆಟ್ಟಗೆ ಹೇಳಿಬಿಟ್ಟ. ಕಂಪನಿಯ ವಕೀಲರು, ಭಾವ ಬಾಮೈದ ಸೇರಿ ಹೂಡಿದ ಆಟವಿದು ಎಂದರು. ಆದರೆ ಸರ್ಕಾರಿ ನಿರೀಕ್ಷಕರ ವರದಿ, ಪೊಲೀಸರ ಮಹಜರು, ಆಸ್ಪತ್ರೆಯ ದಾಖಲೆ ಎಲ್ಲವೂ ಅವನ ಮಾತಿಗೆ ಹೊಂದುತ್ತಿದ್ದವು. ಆಟವಾಡುವವನು ತನಗೇ ನಷ್ಟವಾಗುವ ಮಾತನ್ನೇಕೆ ಆಡುತ್ತಾನೆ? ಅವನಿಗೆ ನಷ್ಟವಾಗಿಯೇ ಇತ್ತು. ಇದೇ ಸತ್ಯವನ್ನು ಅವನು ಮೊದಲೇ ಕಾರಿನ ರಿಪೇರಿಯ ಕ್ಲೇಮಿನಲ್ಲಿ ಬರೆದಿದ್ದರಿಂದ, ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿಲ್ಲವೆಂದು ಕಂಪನಿ ಆ ಹಣವನ್ನು ನಿರಾಕರಿಸಿತ್ತು. ಕಾರನ್ನು ಗುಜರಿಗೆ ಹಾಕಿದ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಮಾಲೀಕನ ಸ್ವಂತ ನಷ್ಟಕ್ಕೆ ಹಣ ಕೊಡುವುದಿಲ್ಲವೆನ್ನಲು ಕಂಪನಿಗೆ ಪಾಲಿಸಿಯ ಷರತ್ತುಗಳು ಸಾಕು. ಗಾಯಗೊಂಡ ಮೂರನೆಯವನಿಗೆ ಕೊಡುವುದಿಲ್ಲವೆನ್ನಲು ಕಾಯಿದೆ ಪಟ್ಟಿ ಮಾಡಿದ ಕಾರಣಗಳೇ ಬೇಕು: ಚಾಲಕನಿಗೆ ಪರವಾನಗಿ ಇಲ್ಲ, ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ, ಇತ್ಯಾದಿ. ‘ಬ್ರೇಕ್ ಸರಿಯಿಟ್ಟುಕೊಂಡಿರಲಿಲ್ಲ’ ಎಂಬುದು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಭಾವನ ಒಪ್ಪಿಗೆ ಬಾಮೈದನ ಹಕ್ಕನ್ನು ಕೆಡಿಸಲಿಲ್ಲ, ಗಟ್ಟಿ ಮಾಡಿತು.

ಆಮೇಲೆ ಲೆಕ್ಕದ ಪ್ರಶ್ನೆ. ವೈದ್ಯರು ಬಲಗೈಗೆ ಶೇಕಡ 40ರಷ್ಟು, ಇಡೀ ದೇಹಕ್ಕೆ ಶೇಕಡ 13ರಷ್ಟು ಊನವೆಂದು ಬರೆದರು. ಕಂಪನಿ 13ನ್ನು ಹಿಡಿದು ಕೂತಿತು. ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ತಿಂಗಳ ಆದಾಯ 10,000 ಎಂದುಕೊಂಡರೆ ವರ್ಷಕ್ಕೆ 1,20,000. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ 31ರಿಂದ 35 ವಯಸ್ಸಿಗೆ ಗುಣಕ 16. ಶೇಕಡ 13ಕ್ಕೆ 2,49,600 ರೂಪಾಯಿ, ಶೇಕಡ 40ಕ್ಕೆ 7,68,000. ಒಂದು ಅಂಕಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಐದು ಲಕ್ಷದ ವ್ಯತ್ಯಾಸ! 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಬಿಡಿಸಿ ಹೇಳಿದೆ. ಎಡಗೈ ಕತ್ತರಿಸಿಹೋದ ಗುಮಾಸ್ತನ ನೌಕರಿ ಉಳಿಯಬಹುದು, ಅದೇ ಗಾಯವಾದ ಚಾಲಕನ ಅಥವಾ ಬಡಗಿಯ ದುಡಿಮೆ ಪೂರ್ತಿ ಹೋದಂತೆಯೇ ಸರಿ. ದೇಹದ ಊನವೇ ಬೇರೆ, ದುಡಿಮೆಯ ಊನವೇ ಬೇರೆ. ನಮ್ಮ ವಕೀಲರು ಆ ತೀರ್ಪನ್ನು ಓದಿದಾಗ ‘ಬಡಗಿ’ ಎಂಬ ಶಬ್ದ ಕೇಳಿ ಹಿಂದಿನ ಬೆಂಚಿನಲ್ಲಿದ್ದ ನನ್ನ ಶಿಷ್ಯ ತಲೆಯೆತ್ತಿದ. ಅವನಿಗೆ ಉಳಿ ಹಿಡಿಯಲು ಬರುತ್ತಿತ್ತು, ಹಿಡಿದ ಉಳಿ ಜಾರದಂತೆ ಕೊಡತಿಯ ಪೆಟ್ಟನ್ನು ತಡೆಯಲು ಬರುತ್ತಿರಲಿಲ್ಲ. ಬಡಗಿಯಲ್ಲದವರಿಗೆ ಇದನ್ನು ವಿವರಿಸುವುದು ಕಷ್ಟ. ಜೊತೆಯಲ್ಲಿ ಕೆಲಸ ಮಾಡಿದ ಹಿರಿಯ ಆಚಾರಿಯೊಬ್ಬರು ಬಂದು ಅದನ್ನು ಚೆನ್ನಾಗಿ ಹೇಳಿದರು.

2019ರ ಕೊನೆಯಲ್ಲಿ ತೀರ್ಪಾಯಿತು. ನ್ಯಾಯಮಂಡಳಿ ಶೇಕಡ 40ನ್ನು ಒಪ್ಪಿತು. ಮೊತ್ತವನ್ನು ಇಲ್ಲಿ ಬರೆಯುವುದು ಅವನಿಗೆ ಇಷ್ಟವಿಲ್ಲ. ಒಂದು ಭಾಗವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕೆಂದು ಆದೇಶವಾಗಿತ್ತು. ಉಳಿದದ್ದರಲ್ಲಿ ಸಾಲ ತೀರಿಸಿ, ಮರದ ಯಂತ್ರವೊಂದನ್ನು ಕೊಂಡು, ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದಾನೆ. ಕೆತ್ತನೆ ಮಾತ್ರ ಮರಳಲಿಲ್ಲ. ಅಕ್ಕನ ಮನೆಗೂ ಅವನ ಮನೆಗೂ ಹೋಗಿಬರುವುದು ಮೊದಲಿನಂತೆಯೇ ಇದೆ.

ಅಂದಿನಿಂದ ಕಾಯಿದೆ ಸಾಕಷ್ಟು ಬದಲಾಗಿದೆ. 2019ರ ತಿದ್ದುಪಡಿಯ ಈ ಭಾಗಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಯಾರ ತಪ್ಪೆಂದು ಸಾಬೀತುಪಡಿಸದೆ ಪಡೆಯಬಹುದಾದ ಮೊತ್ತ ಈಗ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ಇದು 164ನೆಯ ಕಲಮು. ಬ್ರೇಕೋ ಟೈರೋ ಸ್ಟೇರಿಂಗೋ ಎಂಬ ಜಗಳವೇ ಇಲ್ಲಿ ಏಳುವುದಿಲ್ಲ. ಆದರೆ ಅದನ್ನು ಒಪ್ಪಿಕೊಂಡರೆ, ಹೆಚ್ಚಿನ ಪರಿಹಾರಕ್ಕಾಗಿ 166ನೆಯ ಕಲಮಿನಡಿ ಹಾಕಿದ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ದುಡಿಯುವ ಕೈಯನ್ನು ಕಳೆದುಕೊಂಡವರು ಆತುರದಲ್ಲಿ ಸಹಿ ಹಾಕಬಾರದು. ಪೊಲೀಸರು 48 ಗಂಟೆಗಳಲ್ಲಿ ಮೊದಲ ವರದಿಯನ್ನೂ, 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. 2025ರ ಮೇ ತಿಂಗಳಿಂದ, ಅಪಘಾತವಾದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ.

ಕೆಟ್ಟ ಬದಲಾವಣೆಯೂ ಒಂದಿದೆ. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ ಮರಳಿ ಬಂದಿದೆ: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಅದು ಮಧ್ಯಂತರ ಆದೇಶವನ್ನೂ ಕೊಟ್ಟಿತು. ಆದರೆ ಮಧ್ಯಂತರ ಆದೇಶವನ್ನು ನಂಬಿ ಮನೆಯಲ್ಲಿ ಕೂರಬೇಡಿ. ಮೂರು ತಿಂಗಳು ಹಾಸಿಗೆ, ಎರಡು ತಿಂಗಳು ದಾಕ್ಷಿಣ್ಯ, ಉಳಿಯುವುದು ಒಂದೇ ತಿಂಗಳು.

ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಇರುವ ಶಿಷ್ಯರು ಹೊಸ ಕಾರಿನಲ್ಲೇ ದೋಷವಿದ್ದರೆ ಏನೆಂದು ಕೇಳಬಹುದು. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ 2014ರಲ್ಲಿ ಪರಿಹಾರ ನಿಧಿಯನ್ನು ಸ್ಥಾಪಿಸಿ, 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. ನಮ್ಮಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಕ್ರೆಟಾ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಗ್ರಾಹಕನ ಪರವಾದ ಆದೇಶವನ್ನು ಎತ್ತಿಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೋಷಯುಕ್ತ ವಸ್ತುವಿನ ತಯಾರಕರ ಹೊಣೆಗೆ ಒಂದು ಅಧ್ಯಾಯವೇ ಇದೆ. ನಮ್ಮ ಜಿಲ್ಲೆಯವರು ಚಾಮರಾಜನಗರದ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ರಿಪೇರಿ ಕೆಡಿಸಿದ ಗ್ಯಾರೇಜಿನ ಮೇಲೂ ಕೊಡಬಹುದು, ರಸೀದಿ ಇದ್ದರೆ!

ನಮ್ಮ ಕಡೆ ಹೆಚ್ಚು ಜನ ಸಾಯುವುದು, ಊನಗೊಳ್ಳುವುದು ಹೊಸ ಕಾರುಗಳಲ್ಲಲ್ಲ. ಕೂಲಿಯವರನ್ನೂ ಮದುವೆಯವರನ್ನೂ ತುಂಬಿಕೊಂಡು ಹೋಗುವ ಗೂಡ್ಸ್ ವಾಹನಗಳು ನನ್ನನ್ನು ಹೆಚ್ಚು ಕಾಡುತ್ತವೆ. ಸರಕಿನ ವಾಹನದಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರ ಆಶಾ ರಾಣಿ ತೀರ್ಪಿನಿಂದ ಖಚಿತವಾಗಿದೆ. ಮಾಲೀಕನ ಹೊಣೆ ಉಳಿದಿರುತ್ತದೆ, ಆದರೆ ಸಾಲದಲ್ಲಿ ಟೆಂಪೋ ಕೊಂಡವನಿಂದ ಏನು ಗಿಟ್ಟೀತು? ಸರಕಿನ ಒಡೆಯ, ಅಥವಾ ಅವನು ಕಳಿಸಿದ ಆಳು, ತನ್ನ ಸರಕಿನ ಜೊತೆಯಲ್ಲಿ ಹೋಗುತ್ತಿದ್ದರೆ ಮಾತ್ರ 1994ರ ತಿದ್ದುಪಡಿಯ ಪ್ರಕಾರ ವಿಮೆಯ ರಕ್ಷಣೆ ಇದೆ.

ಕಳೆದ ತಿಂಗಳು ಹನೂರಿನ ಕಡೆಯ ಹೆಣ್ಣುಮಗಳೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಇದೇ ಸಂಕಟವನ್ನು ಹೊತ್ತು ಬಂದಳು. ಅವಳ ಗಂಡ ಮೆಕ್ಕೆಜೋಳದ ಮೂಟೆಗಳನ್ನು ಮಿನಿ ಲಾರಿಗೆ ಹೇರಿಸಿ, ಚಾಲಕನ ಪಕ್ಕದಲ್ಲಿ ಕೂತು ಕೊಳ್ಳೇಗಾಲಕ್ಕೆ ಬರುತ್ತಿದ್ದಾಗ ಸವೆದ ಟೈರ್ ಸಿಡಿದು ಲಾರಿ ಮಗುಚಿತು. ತೊಡೆಯ ಮೂಳೆ ಮುರಿದಿದೆ. ಟೈರಿಗೆ ನಾನೇನು ಮಾಡಲಿ ಎನ್ನುತ್ತಾನೆ ಮಾಲೀಕ. ಅವನು ಸುಮ್ಮನೆ ಹತ್ತಿಕೊಂಡ ಪ್ರಯಾಣಿಕ ಎನ್ನುತ್ತದೆ ಕಂಪನಿ. ಟೈರಿನ ಮಾತಿಗೆ ನಮ್ಮಲ್ಲಿ ಉತ್ತರವಿದೆ. ಮೂಟೆಗಳು ಅವನವೇ ಎಂಬುದಕ್ಕೆ ಏನಿದೆ ಎಂದು ಕೇಳಿದೆ. ಮಾರುಕಟ್ಟೆ ತಲುಪಿರಲಿಲ್ಲವಾದ್ದರಿಂದ ಚೀಟಿಯಿಲ್ಲ. ಹುಡುಕುತ್ತಾ ಹೋದಾಗ, ಅಂದು ನೆರೆದವರಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ತೆಗೆದ ಚಿತ್ರ ಸಿಕ್ಕಿತು. ರಸ್ತೆಯ ತುಂಬ ಚೆಲ್ಲಿದ ಜೋಳ, ಬಿರಿದ ಚೀಲಗಳು. ಅವಳು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಸುಗ್ಗಿಯಲ್ಲಿ ಕಣದ ಚೀಲಗಳು ಬೇರೆಯವರದರ ಜೊತೆ ಬೆರೆಯದಿರಲೆಂದು ಅವಳ ಗಂಡ ಕೆಂಪು ಬಣ್ಣದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಬರೆಯುತ್ತಾನಂತೆ. ನಾಲ್ಕು ಚೀಲಗಳ ಮೇಲೆ ಅದು ನಿಚ್ಚಳವಾಗಿ ಕಾಣುತ್ತಿತ್ತು. ಉಳಿದ ಚೀಲಗಳು ಅವಳ ಅಟ್ಟದ ಮೇಲಿವೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಗಾಯಗೊಂಡ ಗಂಡನ ಅರ್ಜಿಗೂ ಅಲ್ಲೇ ವಿಚಾರಿಸೋಣ ಎಂದೆ. ಅಪಘಾತವಾಗಿ ನಾಲ್ಕು ತಿಂಗಳು ಕಳೆದಿದೆ. ಬರುವ ಸೋಮವಾರ ಚೀಲಗಳನ್ನೂ ಚಿತ್ರವನ್ನೂ ತೆಗೆದುಕೊಂಡು ಬರಲು ಹೇಳಿದ್ದೇನೆ.